ವಕಾಲತ್ತು ಬಿಟ್ಟ ನಾಲ್ಕು ತಿಂಗಳು

ಹೋದ ವಾರ ಉಡುಪಿಯ ನ್ಯಾಯಾಲಯದಿಂದ ಆರ್ಡರ್ ಶೀಟ್‌ನ ದೃಢೀಕೃತ ಪ್ರತಿ ಕೈಗೆ ಬಂತು. ಒಂದೂವರೆ ಸಾಲಿನ ಆದೇಶ: ಮೆಮೊ ಅಂಗೀಕರಿಸಲಾಗಿದೆ, ವಕೀಲರು ವಕಾಲತ್ತಿನಿಂದ ನಿವೃತ್ತರಾಗಲು ಅನುಮತಿ ನೀಡಲಾಗಿದೆ. ವಕಾಲತ್ತು ಎಂದರೆ ತಮ್ಮ ಪರವಾಗಿ ನ್ಯಾಯಾಲಯದಲ್ಲಿ ನಿಲ್ಲಲು ಕಕ್ಷಿದಾರರು ವಕೀಲರಿಗೆ ಬರೆದುಕೊಡುವ ಅಧಿಕಾರಪತ್ರ, ಮೆಮೊ ಎಂದರೆ ಅದನ್ನು ಬಿಡಲು ನಾನು ಕೊಟ್ಟ ಮನವಿ. ಈ ಒಂದೂವರೆ ಸಾಲಿಗೆ ನಾಲ್ಕು ತಿಂಗಳು ಹಿಡಿಯಿತು. ಹನ್ನೊಂದು ವರ್ಷಗಳ ವೃತ್ತಿಯಲ್ಲಿ ನೂರಾರು ವಕಾಲತ್ತು ಹಾಕಿದ್ದೇನೆ. ಬಿಡುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕುಂಜಿಬೆಟ್ಟಿನ ಕಾನೂನು ಕಾಲೇಜಿನಲ್ಲಿ ವೃತ್ತಿ ನೀತಿಯ ಪಾಠ ಇತ್ತು, ಓದಿದ್ದೆ, ಪಾಸಾಗಿದ್ದೆ. ಆದರೆ ಪರೀಕ್ಷೆಗೆಂದು ಓದಿದ ನಿಯಮವನ್ನು ನಿದ್ದೆ ಬಾರದ ರಾತ್ರಿ ಮತ್ತೆ ತೆಗೆದು ಓದುವಾಗ ಪ್ರತಿ ಪದಕ್ಕೂ ಬೇರೆಯೇ ತೂಕ ಬರುತ್ತದೆ. ಇದೇ ಸಂಕಟದಲ್ಲಿರುವ ಕಿರಿಯ ವಕೀಲರಿಗೆ ಸ್ವಲ್ಪ ದಾರಿ ಕಾಣಲಿ ಎಂದು ನಡೆದದ್ದನ್ನು ನಡೆದಂತೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಕಕ್ಷಿದಾರರ ಊರು, ವಯಸ್ಸು, ವ್ಯಾಜ್ಯದ ವಿವರ ಎಲ್ಲವನ್ನೂ ಬದಲಿಸಿದ್ದೇನೆ ಅಥವಾ ಬಿಟ್ಟಿದ್ದೇನೆ. ಜಾಗದ ವ್ಯಾಜ್ಯ ಎಂದಷ್ಟು ತಿಳಿದರೆ ಸಾಕು. ನಮ್ಮ ಜಿಲ್ಲೆಯ ಸಿವಿಲ್ ನ್ಯಾಯಾಲಯಗಳಲ್ಲಿ ಅದಿಲ್ಲದ ದಿನವಿಲ್ಲ. ಕಕ್ಷಿದಾರರು ವಕೀಲರನ್ನು ನಂಬಿ ಹೇಳಿದ ಮಾತನ್ನು ಹೊರಗೆ ಹಾಕಬಾರದು ಎಂದು ಹಳೆಯ ಸಾಕ್ಷ್ಯ ಅಧಿನಿಯಮದ 126ನೇ ಕಲಂ ಹೇಳುತ್ತಿತ್ತು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮದ 132ನೇ ಕಲಂ ಅದನ್ನು ಹೇಳುತ್ತದೆ. ಕೆಲಸ ಮುಗಿದ ಮೇಲೂ ಆ ಹೊಣೆ ಮುಗಿಯುವುದಿಲ್ಲ. ಹಾಗಾಗಿ ನಾನು ಯಾಕೆ ಬಿಟ್ಟೆ ಎಂಬುದರ ಮುಖ್ಯ ಕಾರಣ ಈ ಬರಹದಲ್ಲಿ ಸಿಗುವುದಿಲ್ಲ. ಹೇಗೆ ಬಿಟ್ಟೆ ಎಂಬುದು ಮಾತ್ರ ಸಿಗುತ್ತದೆ.

ಈ ಕಕ್ಷಿದಾರರು ನನ್ನ ಬಳಿಗೆ ಬಂದಾಗ ಅದಾಗಲೇ ಇಬ್ಬರು ವಕೀಲರನ್ನು ದಾಟಿದ್ದರು. ಬೇರೆ ವಕೀಲರು ಬರಲು ತಮ್ಮ ಅಡ್ಡಿಯಿಲ್ಲ ಎಂಬ ಹಿಂದಿನ ವಕೀಲರ ನಿರಾಕ್ಷೇಪಣಾ ಪತ್ರ ತಂದಿದ್ದರು, ನಾನು ಅಷ್ಟಕ್ಕೇ ತೃಪ್ತಳಾದೆ. ಒಂದು ಫೋನ್ ಮಾಡಿ ಆ ಹಿರಿಯರೊಂದಿಗೆ ಎರಡು ಮಾತಾಡಬೇಕಿತ್ತು. ಅವರು ಕಾರಣ ಹೇಳುತ್ತಿರಲಿಲ್ಲ, ಆದರೆ ಹೇಳದೆ ಇರುವ ರೀತಿಯೂ ಏನನ್ನೋ ತಿಳಿಸುತ್ತದೆ ಎಂದು ಈಗ ಅರ್ಥವಾಗಿದೆ.

ಮೊದಲ ಆರು ತಿಂಗಳು ಚೆನ್ನಾಗಿಯೇ ಇತ್ತು. ಆಮೇಲೆ ರಾತ್ರಿ ಹನ್ನೊಂದರ ಮೇಲೆ ಫೋನ್ ಬರಲು ಶುರುವಾಯಿತು. ಮೊದಮೊದಲು ಹೊತ್ತಾಯಿತೆಂದು ಕ್ಷಮೆ ಕೇಳುತ್ತಿದ್ದರು, ನಂತರ ಕೇಳುವುದನ್ನು ಬಿಟ್ಟರು. ನಾನು ಬರೆದ ಕರಡನ್ನು ಬೇರೆ ಯಾರಿಗೋ ತೋರಿಸಿ, ಅವರು ಕೆಂಪು ಶಾಯಿಯಲ್ಲಿ ತಿದ್ದಿದ ಹಾಳೆಗಳನ್ನು ತಂದು ಮೇಜಿನ ಮೇಲೆ ಇಡುತ್ತಿದ್ದರು. ನಮ್ಮ ಗುಮಾಸ್ತರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು, ಅವರನ್ನು ಏಕವಚನದಲ್ಲಿ ಗದರಿಸುತ್ತಿದ್ದರು. ಎದುರು ಪಕ್ಷದ ವಕೀಲರ ಜೊತೆ ನಾನು ಕ್ಯಾಂಟೀನಿನಲ್ಲಿ ಚಹಾ ಕುಡಿಯುವುದನ್ನು ಕಂಡು ಒಂದು ವಾರ ಮಾತು ಬಿಟ್ಟಿದ್ದರು. ಇಷ್ಟೆಲ್ಲ ಆದರೂ ಬಿಡಬೇಕು ಎಂದು ನನಗೆ ಅನಿಸಿರಲಿಲ್ಲ. ಹಿರಿಯರಿಂದ ಬಂದ ಜಾಗ ಕೈತಪ್ಪುತ್ತದೆ ಎಂಬ ಭಯದಲ್ಲಿರುವವರು ಹೀಗೆಯೇ ಇರುತ್ತಾರೆ, ಆ ಭಯವನ್ನು ಅವರು ಇನ್ನೆಲ್ಲಿ ಇಳಿಸಬೇಕು? ಕಿರಿಕಿರಿ ಕೊಡುವವರನ್ನೆಲ್ಲ ಬಿಡುತ್ತಾ ಹೋದರೆ ವಕೀಲಿ ಮಾಡಲು ಸಾಧ್ಯವಿಲ್ಲ ಎಂಬುದು ನನ್ನ ಈಗಿನ ಅಭಿಪ್ರಾಯವೂ ಹೌದು.

ಸೆಪ್ಟೆಂಬರ್ ಕೊನೆಯ ಒಂದು ಸಂಜೆ, ಜೋರು ಮಳೆಯಲ್ಲಿ, ನಮ್ಮ ನಡುವಿನ ನಂಬಿಕೆ ತುಂಡಾಯಿತು. ಇದಕ್ಕಿಂತ ಹೆಚ್ಚು ಬರೆಯಲಾರೆ. ಅವರು ಹೋದ ಮೇಲೆ ಕಚೇರಿಯ ಬಾಗಿಲು ಎಳೆದುಕೊಂಡು ಒಬ್ಬಳೇ ಕುಳಿತಿದ್ದೆ. ಕೈ ನಡುಗುತ್ತಿತ್ತು. ಅದೇ ನಡುಗುವ ಕೈಯಿಂದ ಒಂದು ಪತ್ರ ಟೈಪ್ ಮಾಡಿದೆ, ಒಂದೂವರೆ ಪುಟ, ಎದೆಯಲ್ಲಿದ್ದ ಸಿಟ್ಟೆಲ್ಲ ಅದರಲ್ಲಿತ್ತು. ಪುಣ್ಯಕ್ಕೆ ಕಳುಹಿಸಲಿಲ್ಲ. ಅಂಥ ಪತ್ರ ಬರೆಯುವುದು ತಪ್ಪಲ್ಲ, ಆದರೆ ಅದನ್ನು ಒಂದು ರಾತ್ರಿ ಹಾಗೇ ಇಟ್ಟು ಬೆಳಗ್ಗೆ ಓದಿ. ನಾನು ಬೆಳಗ್ಗೆ ಓದಿ ಅಳಿಸಿಹಾಕಿದೆ. ಆ ಪತ್ರ ಯಾವಾಗಲಾದರೂ ನ್ಯಾಯಾಲಯದ ಕಡತ ಸೇರಿದ್ದರೆ ಅವರ ವ್ಯಾಜ್ಯಕ್ಕೆ ನಾನೇ ಕೊಡಲಿಯೇಟು ಹಾಕಿದಂತಾಗುತ್ತಿತ್ತು.

ಶನಿವಾರ ಬಸ್ ಹತ್ತಿ ಮಂಗಳೂರಿಗೆ ಹೋದೆ. ನಾನು ಕೆಲಸ ಕಲಿತದ್ದು ಅಲ್ಲಿನ ಹಿರಿಯ ವಕೀಲರೊಬ್ಬರ ಕಚೇರಿಯಲ್ಲಿ. ಪಡುಬಿದ್ರಿ, ಮೂಲ್ಕಿ ದಾಟುವವರೆಗೂ ಏನು ಹೇಳಬೇಕು, ಎಷ್ಟು ಹೇಳಬೇಕು ಎಂದು ಜೋಡಿಸಿಕೊಳ್ಳುತ್ತಿದ್ದೆ. ಅವರು ಅದಕ್ಕೆ ಅವಕಾಶವನ್ನೇ ಕೊಡಲಿಲ್ಲ. ಕಕ್ಷಿದಾರರು ಏನು ಮಾಡಿದರು ಎಂದು ಕೇಳಲೇ ಇಲ್ಲ.

"ಮುಂದಿನ ವಾಯಿದೆ ಯಾವಾಗ?" ಎಂದರು.

"ದಸರಾ ರಜೆ ಕಳೆದು ಎರಡನೇ ವಾರ, ಸರ್."

"ಆ ದಿನ ಏನಿದೆ?"

"ಎದುರು ಪಕ್ಷದ ಮಧ್ಯಂತರ ಅರ್ಜಿಗೆ ನಾವು ಆಕ್ಷೇಪಣೆ ಸಲ್ಲಿಸಬೇಕು. ಅದಾದ ಮೇಲೆ ಪಾಟಿ ಸವಾಲಿಗೆ ದಿನ ಕೊಡುತ್ತಾರೆ."

"ನೀನು ಈಗ ಎದ್ದು ಹೋದರೆ ಇನ್ನೊಬ್ಬರು ಬಂದು ಕಡತ ಓದಿ ಆಕ್ಷೇಪಣೆ ಬರೆಯುವಷ್ಟು ಸಮಯ ಇದೆಯೇ?"

ಇರಲಿಲ್ಲ. "ಹಾಗಾದರೆ ಆಕ್ಷೇಪಣೆ ಬರೆದು ಸಲ್ಲಿಸು. ಆಮೇಲೆ ಬಿಡು. ನಡುನೀರಿನಲ್ಲಿ ದೋಣಿ ಬಿಟ್ಟು ಹಾರುವವನನ್ನು ಅಂಬಿಗ ಎನ್ನುವುದಿಲ್ಲ" ಎಂದು ಹೇಳಿ ಕಪಾಟಿನಿಂದ ಭಾರತೀಯ ವಕೀಲರ ಪರಿಷತ್ತಿನ ನಿಯಮಗಳ ಪುಸ್ತಕ ತೆಗೆದು ನನ್ನ ಕೈಗೆ ಕೊಟ್ಟರು. 12ನೇ ನಿಯಮವನ್ನು ಗಟ್ಟಿಯಾಗಿ ಓದಿಸಿದರು. ಒಪ್ಪಿಕೊಂಡ ಕೆಲಸದಿಂದ ಸಾಕಷ್ಟು ಕಾರಣವಿಲ್ಲದೆ, ಕಕ್ಷಿದಾರರಿಗೆ ಸಾಕಷ್ಟು ಮುಂಚಿತವಾಗಿ ನೋಟಿಸು ಕೊಡದೆ ವಕೀಲರು ಸಾಮಾನ್ಯವಾಗಿ ಹಿಂದೆ ಸರಿಯಬಾರದು. ಸರಿದರೆ, ದುಡಿಯದೆ ಉಳಿದ ಶುಲ್ಕವನ್ನು ಹಿಂದಿರುಗಿಸಬೇಕು. ಕಾರಣ, ನೋಟಿಸು, ಹಣ ಮೂರೂ ಆ ಒಂದೇ ನಿಯಮದಲ್ಲಿವೆ. ಅದೇ ಪುಸ್ತಕದ 4ನೇ ನಿಯಮ ಇನ್ನೊಂದು ಸಂದರ್ಭವನ್ನು ಹೇಳುತ್ತದೆ: ಅನುಚಿತ ದಾರಿ ಹಿಡಿಯುವ ಕಕ್ಷಿದಾರರನ್ನು ವಕೀಲರು ತಡೆಯಲು ಪ್ರಯತ್ನಿಸಬೇಕು, ಅವರು ಅದನ್ನೇ ಹಟ ಹಿಡಿದರೆ ಅವರನ್ನು ಪ್ರತಿನಿಧಿಸಲು ನಿರಾಕರಿಸಬೇಕು. ಶುಲ್ಕ ಕೊಡದಿರುವುದು, ಸಂಪರ್ಕಕ್ಕೆ ಸಿಗದಿರುವುದು, ಸಲಹೆಯನ್ನು ಪದೇ ಪದೇ ತಳ್ಳಿಹಾಕುವುದು, ವಕೀಲರ ಆರೋಗ್ಯ ಕೆಡುವುದು, ಹೀಗೆ ಬಿಡುವ ಸಂದರ್ಭಗಳು ಹಲವು. ನನ್ನದು ಇವುಗಳಲ್ಲಿ ಯಾವುದು, ಅಥವಾ ಇವುಗಳ ಹೊರಗಿನದೇ ಎಂದು ನಾನು ಹೇಳುವುದಿಲ್ಲ.

ಉಡುಪಿಗೆ ಮರಳಿ ಆಕ್ಷೇಪಣೆ ಬರೆಯಲು ಕುಳಿತಾಗ ಮನಸ್ಸು ಒಗ್ಗಲಿಲ್ಲ. ಮುರಿದುಹೋದ ಸಂಬಂಧದ ಪರವಾಗಿ ಪೂರ್ತಿ ಶಕ್ತಿ ಹಾಕಿ ವಾದ ಕಟ್ಟುವುದು ಸುಲಭವಲ್ಲ. ಮೊದಲ ಕರಡು ಜೊಳ್ಳಾಗಿತ್ತು, ನನಗೇ ಗೊತ್ತಾಯಿತು. ಹರಿದು ಹಾಕಿ ಮತ್ತೆ ಬರೆದೆ. ನಾಲ್ಕು ದಿನ ಹಿಡಿಯಿತು. ನಾನು ಅವರಿಗಾಗಿ ಬರೆದ ಕಾಗದಗಳಲ್ಲಿ ಅದೇ ಅತ್ಯುತ್ತಮವಾದದ್ದು ಎಂದು ಇಂದಿಗೂ ನಂಬಿದ್ದೇನೆ.

ನೋಟಿಸು ಬರೆಯುವಾಗ ಹಿರಿಯರು ಹೇಳಿದ ಒಂದು ಎಚ್ಚರಿಕೆ ನೆನಪಿತ್ತು: ಈ ಕಾಗದವನ್ನು ಮುಂದೆ ನ್ಯಾಯಾಧೀಶರು ಓದುತ್ತಾರೆ, ಎದುರು ಪಕ್ಷದವರೂ ಓದಬಹುದು. ಆದ್ದರಿಂದ ಕಾರಣದ ಜಾಗದಲ್ಲಿ "ವೃತ್ತಿಪರ ಕಾರಣಗಳಿಂದಾಗಿ ತಮ್ಮನ್ನು ಪ್ರತಿನಿಧಿಸಲು ಮುಂದುವರಿಯಲು ಸಾಧ್ಯವಾಗುತ್ತಿಲ್ಲ" ಎಂದಷ್ಟೇ ಬರೆದೆ. ಉಳಿದ ವಿವರಕ್ಕೆ ಮಾತ್ರ ಜಿಪುಣತನ ತೋರಿಸಲಿಲ್ಲ. ದಾವೆಯ ಸಂಖ್ಯೆ, ನ್ಯಾಯಾಲಯ, ನ್ಯಾಯಾಲಯಗಳ ಜಾಲತಾಣವಾದ ಇ-ಕೋರ್ಟ್ಸ್‌ನಲ್ಲಿ ನೋಡಲು ಬೇಕಾದ ಹದಿನಾರು ಅಂಕಿ-ಅಕ್ಷರಗಳ ಸಿಎನ್‌ಆರ್ ಸಂಖ್ಯೆ, ದಾವೆ ಈಗ ಯಾವ ಹಂತದಲ್ಲಿದೆ, ಮುಂದಿನ ವಾಯಿದೆ ಯಾವಾಗ, ಆ ದಿನ ಹಾಜರಾಗದಿದ್ದರೆ ಏನಾಗಬಹುದು, ಕಡತವನ್ನು ಯಾವ ಹೊತ್ತಿನಲ್ಲಿ ಬಂದು ಪಡೆಯಬಹುದು, ಶುಲ್ಕದ ಲೆಕ್ಕ, ಇಷ್ಟನ್ನೂ ಬರೆದೆ. ಬೇರೆ ವಕೀಲರನ್ನು ನೇಮಿಸಿಕೊಳ್ಳಲು ಮೂವತ್ತು ದಿನ ಕೊಟ್ಟೆ. ಕನ್ನಡದಲ್ಲೇ ಬರೆದೆ. ಇಂಗ್ಲಿಷಿನಲ್ಲಿ ಬರೆದ ನೋಟಿಸು ಕಾನೂನಿನ ಕಣ್ಣಿಗೆ ತಲುಪಿದರೂ ಕಕ್ಷಿದಾರರಿಗೆ ತಲುಪಿತು ಎಂದು ನಾನು ಒಪ್ಪುವುದಿಲ್ಲ.

ಪ್ರಧಾನ ಅಂಚೆ ಕಚೇರಿಗೆ ಹೋದಾಗ ಮೊದಲ ಗೊಂದಲ. ಇಷ್ಟು ವರ್ಷ ಕಣ್ಣುಮುಚ್ಚಿ "ರಿಜಿಸ್ಟರ್ಡ್ ಪೋಸ್ಟ್, ಸ್ವೀಕೃತಿ ಸಹಿತ" ಎನ್ನುತ್ತಿದ್ದೆವು. 2025ರಲ್ಲಿ ನೋಂದಾಯಿತ ಅಂಚೆಯನ್ನು ಸ್ಪೀಡ್ ಪೋಸ್ಟ್‌ನಲ್ಲಿ ವಿಲೀನ ಮಾಡಿದ್ದಾರೆ. ಈಗ ಸ್ಪೀಡ್ ಪೋಸ್ಟ್ ಮಾಡಿಸಿ, ನೋಂದಣಿಯನ್ನೂ ತಲುಪಿದ್ದಕ್ಕೆ ಪುರಾವೆಯನ್ನೂ ಬೇರೆಯಾಗಿ ಕೇಳಿ ಪಡೆಯಬೇಕು. ಕೇಳದಿದ್ದರೆ ಬರೀ ರಸೀದಿ ಕೈಗೆ ಬರುತ್ತದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ತಾಳ್ಮೆಯಿಂದ ಎಲ್ಲವನ್ನೂ ವಿವರಿಸಿ ರಸೀದಿ ಕೊಟ್ಟರು. ಆ ರಸೀದಿಯ ಶಾಯಿ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಅದೇ ದಿನ ಜೆರಾಕ್ಸ್ ಮಾಡಿಸಿ ಇಡಿ. ಅಂಚೆ ಜಾಲತಾಣದಲ್ಲಿ ಲಕೋಟೆಯ ಹಾದಿ ತೋರಿಸುವ ಪುಟವನ್ನೂ ಮುದ್ರಿಸಿಕೊಳ್ಳಿ. ವಾಟ್ಸ್‌ಆ್ಯಪ್‌ನಲ್ಲೂ ಕಳುಹಿಸಿದೆ. ಎರಡು ನೀಲಿ ಗೆರೆ ಬಂದವು, ಉತ್ತರ ಬರಲಿಲ್ಲ. ಅಂದು ರಾತ್ರಿ ಹನ್ನೊಂದಕ್ಕೆ ಫೋನೂ ಬರಲಿಲ್ಲ. ಆ ಮೌನ ಫೋನಿಗಿಂತ ಹೆಚ್ಚು ಕಾಡಿತು.

ಹನ್ನೊಂದು ದಿನ ಕಳೆದು ಲಕೋಟೆ ವಾಪಸು ಬಂತು. ಮೂಲೆಗಳು ಮಳೆಗೆ ಮೆತ್ತಗಾಗಿದ್ದವು. ಹಿಂಬದಿಯಲ್ಲಿ ಅಂಚೆಯಣ್ಣ ನೀಲಿ ಪೆನ್ನಿನಲ್ಲಿ ಎರಡು ದಿನ "ಬಾಗಿಲು ಹಾಕಿದೆ, ತಿಳಿವಳಿಕೆ ಕೊಡಲಾಗಿದೆ" ಎಂದು ಬರೆದು, ಮೂರನೆಯ ದಿನ "ಸ್ವೀಕರಿಸಲು ನಿರಾಕರಿಸಿದ್ದಾರೆ" ಎಂದು ಬರೆದು ಸಹಿ ಹಾಕಿದ್ದರು. ಇಂಥ ಲಕೋಟೆಯನ್ನು ಒಡೆಯಬೇಡಿ. ಒಳಗೇನಿದೆ ಎಂದು ನಿಮಗೆ ಗೊತ್ತೇ ಇದೆ, ಒಡೆಯದೆ ಹಾಗೆಯೇ ನ್ಯಾಯಾಲಯಕ್ಕೆ ಕೊಡಬೇಕು. ಸರಿಯಾದ ವಿಳಾಸ ಬರೆದು, ಅಂಚೆ ವೆಚ್ಚ ಭರಿಸಿ ನೋಂದಾಯಿತ ಅಂಚೆಯಲ್ಲಿ ಕಳುಹಿಸಿದ್ದು ತಲುಪಿದೆ ಎಂದೇ ಭಾವಿಸಲು 1897ರ ಸಾಮಾನ್ಯ ಖಂಡಗಳ ಅಧಿನಿಯಮದ 27ನೇ ಕಲಂ ಅವಕಾಶ ಕೊಡುತ್ತದೆ. ಅದನ್ನೇ ನಂಬಿಕೊಂಡು ನಾನು ನಿರಾಳಳಾದೆ. ಬೇಗ ನಿರಾಳಳಾಗಿಬಿಟ್ಟೆ.

ಎರಡನೆಯ ತೊಡಕು ನನ್ನ ಕಡತದಲ್ಲೇ ಇತ್ತು. ಮೆಮೊ ಬರೆಯಲೆಂದು ವಕಾಲತ್ತಿನ ಪ್ರತಿ ತೆಗೆದು ನೋಡಿದರೆ ಅದರಲ್ಲಿ ಎರಡು ಸಹಿ. ಆಗ ನನ್ನ ಜೊತೆಗಿದ್ದ ಕಿರಿಯ ವಕೀಲೆಯ ಹೆಸರೂ ಇತ್ತು. ಆಕೆ ಮದುವೆಯಾಗಿ ಬೆಂಗಳೂರಿಗೆ ಹೋಗಿ ಒಂದೂವರೆ ವರ್ಷ. ನಾನೊಬ್ಬಳೇ ನಿವೃತ್ತಳಾದರೆ ದಾಖಲೆಯಲ್ಲಿ ಆಕೆ ಉಳಿಯುತ್ತಾಳೆ. ಬೆಂಗಳೂರಿಗೆ ಮೆಮೊ ಕಳುಹಿಸಿ ಸಹಿ ಹಾಕಿಸಿ ತರಿಸಲು ಒಂದು ವಾರ ಹೋಯಿತು. ಕಚೇರಿ ಬಿಟ್ಟುಹೋದವರ ಹೆಸರು ಎಷ್ಟು ವಕಾಲತ್ತುಗಳಲ್ಲಿ ಉಳಿದಿದೆ ಎಂದು ಒಮ್ಮೆ ತೆಗೆದು ನೋಡುವುದು ಒಳ್ಳೆಯದು.

ಹಣದ ಲೆಕ್ಕ. ಒಟ್ಟು ಅರುವತ್ತು ಸಾವಿರ ಪಡೆದಿದ್ದೆ. ದಾವೆಯ ಕೊನೆಯವರೆಗೆ ಎಂದು ಮಾತಾಗಿತ್ತು, ಬರಹದಲ್ಲಿ ಇರಲಿಲ್ಲ. ಇದು ನನ್ನ ತಪ್ಪು, ಒಪ್ಪಿಕೊಳ್ಳುತ್ತೇನೆ. ಯಾವ ಹಂತಕ್ಕೆ ಎಷ್ಟು ಎಂದು ಮೊದಲೇ ಬರೆದಿಟ್ಟಿದ್ದರೆ ಎರಡು ಸಂಜೆ ಕುಳಿತು ಲೆಕ್ಕ ಹಾಕುವ ಕಷ್ಟ ಇರುತ್ತಿರಲಿಲ್ಲ. ನಡೆದ ಕೆಲಸಕ್ಕೆ ಮೂವತ್ತೈದು ಸಾವಿರ ಎಂದು ನಿರ್ಧರಿಸಿ ಇಪ್ಪತ್ತೈದು ಸಾವಿರದ ಚೆಕ್ ಬರೆದೆ. ಆ ತಿಂಗಳು ಕಚೇರಿಯ ಬಾಡಿಗೆ, ಗುಮಾಸ್ತರ ಸಂಬಳ, ಮಗಳ ಶಾಲೆಯ ಶುಲ್ಕ ಎಲ್ಲ ಒಟ್ಟಿಗೆ ಬಂದಿತ್ತು; ಆ ಚೆಕ್ಕಿಗೆ ಸಹಿ ಹಾಕುವಾಗ ಹೊಟ್ಟೆ ಚುರುಕ್ ಎಂದದ್ದು ಸುಳ್ಳಲ್ಲ. ಶುಲ್ಕ ಬಾಕಿ ಇದ್ದವರಿಗೂ ಒಂದು ಮಾತು ಹೇಳಬೇಕು. ಬಾಕಿ ವಸೂಲಿಗಾಗಿ ಕಕ್ಷಿದಾರರ ಕಡತವನ್ನು ಹಿಡಿದಿಟ್ಟುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲ ಎಂದು ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ಹಣಕ್ಕೆ ಬೇರೆ ದಾರಿ ಹುಡುಕಬೇಕು, ಕಡತವನ್ನು ಒತ್ತೆ ಇಡುವಂತಿಲ್ಲ.

ಆ ಕಡತದ್ದೇ ಒಂದು ಕಥೆ. ಮಳೆಗಾಲದ ಆರ್ದ್ರತೆಗೆ ಹಳೆಯ ಪತ್ರಗಳು ಒಂದಕ್ಕೊಂದು ಅಂಟಿಕೊಂಡಿದ್ದವು. ಅವುಗಳಲ್ಲಿ ಅವರ ಅಜ್ಜನ ಕಾಲದ ಛಾಪಾ ಕಾಗದದ ಮೂಲ ಪತ್ರವೊಂದಿತ್ತು, ಮಡಿಕೆಯ ಜಾಗದಲ್ಲಿ ಸವೆದು ಬೆಳಕು ಹಾಯುತ್ತಿತ್ತು. ಗುಮಾಸ್ತರು ನೆಲದ ಮೇಲೆ ಬಿಳಿ ಪಂಚೆ ಹಾಸಿ, ಫ್ಯಾನ್ ಅನ್ನು ಒಂದರಲ್ಲಿಟ್ಟು, ಒಂದೊಂದೇ ಹಾಳೆಯನ್ನು ಬಿಡಿಸಿ ಒಣಗಲು ಇಟ್ಟರು. ತಮ್ಮನ್ನು ಏಕವಚನದಲ್ಲಿ ಗದರುತ್ತಿದ್ದವರ ಕಾಗದಗಳನ್ನು ಅವರು ಬೆರಳ ತುದಿಯಿಂದ, ಹಸುಗೂಸನ್ನು ಎತ್ತಿದ ಹಾಗೆ ಎತ್ತುತ್ತಿದ್ದರು. ನಾನು ಪಕ್ಕದಲ್ಲಿ ಕುಳಿತು ಪಟ್ಟಿ ಬರೆಯುತ್ತಿದ್ದೆ: ಮೂಲ ಪತ್ರ ಎಷ್ಟು, ದೃಢೀಕೃತ ಪ್ರತಿ ಎಷ್ಟು, ಬರೀ ಜೆರಾಕ್ಸ್ ಎಷ್ಟು. ಒಟ್ಟು 63 ದಾಖಲೆ, 412 ಪುಟ. ಎಲ್ಲದರ ಒಂದು ಪ್ರತಿ ನನ್ನ ಬಳಿ ಇರಲಿ ಎಂದು ಜೆರಾಕ್ಸ್ ಮಾಡಿಸಿದೆ, ಪುಟಕ್ಕೆ ಎರಡು ರೂಪಾಯಿಯಂತೆ 824 ರೂಪಾಯಿ. ಅದನ್ನು ಅವರ ಲೆಕ್ಕಕ್ಕೆ ಹಾಕಲಿಲ್ಲ, ಅದು ನನ್ನ ರಕ್ಷಣೆಗೆ ಬೇಕಾದದ್ದು.

ವಾಯಿದೆಯ ದಿನ ಆಕ್ಷೇಪಣೆ ಸಲ್ಲಿಸಿದೆ, ಅದರ ಜೊತೆಗೆ ನಿವೃತ್ತಿ ಮೆಮೊ, ನೋಟಿಸಿನ ಪ್ರತಿ, ಅಂಚೆ ರಸೀದಿ, ಒಡೆಯದ ಲಕೋಟೆ. ಕಕ್ಷಿದಾರರು ಬಂದಿರಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 3ನೇ ಆದೇಶದ 4ನೇ ನಿಯಮದ ಪ್ರಕಾರ ಒಮ್ಮೆ ಸಲ್ಲಿಸಿದ ವಕಾಲತ್ತು, ನ್ಯಾಯಾಲಯದ ಅನುಮತಿ ಪಡೆದು ಬರಹದ ಮೂಲಕ ಕೊನೆಗೊಳಿಸುವವರೆಗೂ ಜಾರಿಯಲ್ಲಿ ಇರುತ್ತದೆ. ವಕೀಲರು ಮೆಮೊ ಕೊಟ್ಟು ಹೊರನಡೆದರೆ ಆಗಿಹೋಯಿತು ಎಂದು ತಿಳಿದವರು ಬಹಳ ಜನ. ಕೊಡುವುದು ಮಾತ್ರ ನಮ್ಮ ಕೈಯಲ್ಲಿದೆ. ನ್ಯಾಯಾಧೀಶರು ಲಕೋಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇವರಿಗೆ ವಿಷಯ ಗೊತ್ತಾಗಿದೆ ಎಂದು ನಾನು ಹೇಗೆ ನಂಬಲಿ?" ಎಂದರು. ನಾನು 27ನೇ ಕಲಮಿನ ಮಾತು ಎತ್ತಿದೆ. ಅವರು ಅದನ್ನು ಅಲ್ಲಗಳೆಯಲಿಲ್ಲ, ಆದರೂ ನ್ಯಾಯಾಲಯದ ಮೂಲಕವೇ ಒಂದು ನೋಟಿಸು ಹೋಗಲಿ ಎಂದು ಆದೇಶಿಸಿ ಡಿಸೆಂಬರಿಗೆ ಹಾಕಿದರು.

ಆ ಕ್ಷಣ ಕಣ್ಣು ತುಂಬಿ ಬಂತು. ಮನೆಗೆ ಬಂದು ಯೋಚಿಸಿದಾಗ ಅವರು ಮಾಡಿದ್ದೇ ಸರಿ ಎಂದು ಒಪ್ಪಿದೆ. ಕಕ್ಷಿದಾರರಿಂದ ಸೂಚನೆಗಳಿಲ್ಲ ಎಂದು ವಕೀಲರು ಹಿಂದೆ ಸರಿದ ಮೇಲೆ ಪಕ್ಷಕಾರರಿಗೆ ತಿಳಿಸದೆಯೇ ಏಕಪಕ್ಷೀಯವಾಗಿ ನೀಡಿದ ಡಿಕ್ರಿ ನಿಲ್ಲುವುದಿಲ್ಲ ಎಂದು ಮಲ್ಕಿಯತ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. 1998ರ ವರದಿಗಳಲ್ಲಿ ಅದು ಸಿಗುತ್ತದೆ. ನನ್ನ ಅವಸರಕ್ಕೆ ಯಾರದೋ ಜಾಗ ಹೋಗಬಾರದು.

ನವೆಂಬರ್ ಪೂರ್ತಿ ಕಾಯುವ ಕೆಲಸ. ನೋಟಿಸು ಜಾರಿಗೆ ನ್ಯಾಯಾಲಯಕ್ಕೆ ಕಟ್ಟುವ ಪ್ರೋಸೆಸ್ ಶುಲ್ಕ ನಾನೇ ಕಟ್ಟಿದೆ, ಮೊತ್ತ ದೊಡ್ಡದೇನಲ್ಲ. ಕಷ್ಟವಾದದ್ದು ಬೇರೆ. ನ್ಯಾಯಾಲಯದ ಮೊಗಸಾಲೆಯಲ್ಲಿ ಮಾತು ಹರಡತೊಡಗಿತು: ನಾನು ಎದುರು ಪಕ್ಷದವರ ಜೊತೆ ಸೇರಿಕೊಂಡಿದ್ದೇನಂತೆ, ಅದಕ್ಕೇ ಕೈಬಿಡುತ್ತಿದ್ದೇನಂತೆ. ಯಾರು ಹೇಳಿದರು ಎಂದು ಊಹಿಸಲು ಕಷ್ಟವಿರಲಿಲ್ಲ. ನನ್ನ ಗೆಳತಿಯೊಬ್ಬಳು, ಅವಳೂ ವಕೀಲೆ, "ಒಂದು ಮಾತು ಹೇಳಿಬಿಡು ಮಾರಾಯ್ತಿ, ಎಲ್ಲರ ಬಾಯಿ ಮುಚ್ಚುತ್ತದೆ" ಎಂದಳು. ಆ ಒಂದು ಮಾತು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಹೇಳಿದ್ದರೆ ನನ್ನ ಹೆಸರು ಉಳಿಯುತ್ತಿತ್ತು, ಅವರ ದಾವೆ ಉಳಿಯುತ್ತಿರಲಿಲ್ಲ. ಹೇಳಲಿಲ್ಲ. ಈ ನಾಲ್ಕು ತಿಂಗಳಲ್ಲಿ ಅತ್ಯಂತ ಕಠಿಣವಾದದ್ದು ಯಾವುದು ಎಂದು ಕೇಳಿದರೆ ನನ್ನ ಉತ್ತರ ಇದೇ. ನಿಮ್ಮ ಬಗ್ಗೆ ಸುಳ್ಳು ಹರಡುವಾಗ ನಿಮ್ಮ ಬಳಿ ನಿಜ ಇದ್ದೂ ಬಾಯಿ ಕಟ್ಟಿಕೊಂಡು ಚಹಾ ಕುಡಿಯಬೇಕು.

ನ್ಯಾಯಾಲಯದ ನೋಟಿಸು ತಲುಪಿಸುವ ಅಮೀನರು ನವೆಂಬರ್ ಕೊನೆಯಲ್ಲಿ ನೋಟಿಸು ಜಾರಿ ಮಾಡಿ ಸಹಿ ಹಾಕಿಸಿಕೊಂಡು ಬಂದರು. ಆ ಸಂಜೆ ಎರಡು ತಿಂಗಳ ನಂತರ ಫೋನ್ ಬಂತು. ವಕೀಲರ ಪರಿಷತ್ತಿಗೆ ದೂರು ಕೊಡುತ್ತೇನೆ, ಗ್ರಾಹಕರ ನ್ಯಾಯಾಲಯಕ್ಕೆ ಎಳೆಯುತ್ತೇನೆ ಎಂದರು. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲೇ ತೀರ್ಪು ಕೊಟ್ಟಿದೆ. ಪರಿಷತ್ತಿಗೆ ದೂರು ಕೊಡುವ ಹಕ್ಕು 1961ರ ವಕೀಲರ ಅಧಿನಿಯಮದ 35ನೇ ಕಲಮಿನಡಿ ಅವರಿಗೆ ಇದ್ದೇ ಇದೆ. ನಾನು ವಾದ ಮಾಡಲಿಲ್ಲ. "ನಿಮ್ಮ ಹಕ್ಕು ಅದು. ಡಿಸೆಂಬರಿನ ವಾಯಿದೆಗೆ ಮಾತ್ರ ತಪ್ಪದೆ ಬನ್ನಿ" ಎಂದೆ. ಮಾತು ಮುಗಿದ ಕೂಡಲೇ ದಿನಾಂಕ, ಹೊತ್ತು, ಆಡಿದ ಮಾತು ಎಲ್ಲವನ್ನೂ ಡೈರಿಯಲ್ಲಿ ಬರೆದಿಟ್ಟೆ. ಮನಸ್ತಾಪ ಶುರುವಾದ ದಿನದಿಂದಲೇ ಹೀಗೆ ಬರೆದಿಡುವ ಅಭ್ಯಾಸ ಮಾಡಿಕೊಳ್ಳಿ, ನೆನಪನ್ನು ನಂಬಬೇಡಿ.

ಡಿಸೆಂಬರಿನಲ್ಲಿ ಬಂದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ದಾವೆ ಕರೆದಾಗ ಕೈಮುಗಿದು ನಿಂತು ನ್ಯಾಯಾಧೀಶರಿಗೆ ಹೇಳಿದ ಮಾತು ನಾನು ಕನಸಿನಲ್ಲೂ ಎಣಿಸದೆ ಇದ್ದದ್ದು. "ಸ್ವಾಮಿ, ನನಗೆ ಬೇರೆ ವಕೀಲರು ಬೇಡ. ಇವರೇ ಇರಲಿ. ಇವರಷ್ಟು ಚೆನ್ನಾಗಿ ಯಾರೂ ಬರೆಯುವುದಿಲ್ಲ."

ನನಗೆ ಮಾತೇ ಹೊರಡಲಿಲ್ಲ. ಸಿಟ್ಟು, ಮರುಕ, ಒಂದು ಬಗೆಯ ನಾಚಿಕೆ ಎಲ್ಲ ಒಟ್ಟಿಗೆ ಬಂದವು. ಅವರ ಧ್ವನಿಯಲ್ಲಿ ನಟನೆ ಇರಲಿಲ್ಲ. ನ್ಯಾಯಾಧೀಶರು ನನ್ನ ಕಡೆ ತಿರುಗಿ, ಕಾರಣ ಹೇಳಬಹುದೇ ಎಂದು ಕೇಳಿದರು. "ವೃತ್ತಿಪರ ಕಾರಣಗಳು, ಸ್ವಾಮಿ. ವಿವರಿಸಿದರೆ ಕಕ್ಷಿದಾರರಿಗೆ ಬಾಧಕವಾಗಬಹುದು. ಹೇಳಲು ನನಗೆ ಅಧಿಕಾರವಿಲ್ಲ" ಎಂದೆ. ಇನ್ನೊಂದು ಪ್ರಶ್ನೆ ಬಂದರೆ ಏನು ಮಾಡಬೇಕು ಎಂದು ಹಿಂದಿನ ರಾತ್ರಿಯೆಲ್ಲ ಯೋಚಿಸಿದ್ದೆ. ಬರಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಕಕ್ಷಿದಾರರನ್ನು ಮುಂದೆ ಕರೆದು, ವಿಶ್ವಾಸ ಮುರಿದ ಮೇಲೆ ವಕೀಲರನ್ನು ಬಲವಂತವಾಗಿ ಉಳಿಸಿಕೊಂಡರೆ ನಿಮಗೇ ನಷ್ಟ ಎಂದು ಸರಳವಾಗಿ ತಿಳಿಹೇಳಿದರು. ಬೇರೆ ವಕೀಲರನ್ನು ನೇಮಿಸಿಕೊಳ್ಳಲು ಜನವರಿವರೆಗೆ ಕಾಲಾವಕಾಶ ಕೊಟ್ಟರು. ಅಲ್ಲಿಯವರೆಗೆ ನಾನೇ ದಾಖಲೆಯಲ್ಲಿ ಇರಬೇಕು ಎಂದರು. ಮೊದಲ ಲಕೋಟೆಯಲ್ಲೇ ಇದ್ದ ಇಪ್ಪತ್ತೈದು ಸಾವಿರದ ಚೆಕ್ ಅವರ ಕೈ ಸೇರಿರಲಿಲ್ಲ. ಲಕೋಟೆ ನ್ಯಾಯಾಲಯದ ಕಡತದಲ್ಲಿತ್ತು. ಅದನ್ನು ತಡೆಹಿಡಿಯಲು ಬ್ಯಾಂಕಿಗೆ ಬರೆದು, ಹಣವನ್ನು ಅವರ ಖಾತೆಗೆ ನೇರವಾಗಿ ವರ್ಗಾಯಿಸಿ ರಸೀದಿ ಇಟ್ಟುಕೊಂಡೆ. ಚೆಕ್ಕನ್ನು ನೋಟಿಸಿನ ಜೊತೆ ಹಾಕಬೇಡಿ ಎಂಬುದು ಇದರಿಂದ ಕಲಿತದ್ದು.

ಆ ನಡುವಿನ ಒಂದು ತಿಂಗಳಿನಲ್ಲಿ ಇಬ್ಬರು ಬಂದರು. ಮೊದಲು ಬಂದವರು ಅವರ ಅಕ್ಕನ ಮಗ. ಒಳ್ಳೆಯ ಹುಡುಗ, ಮುಂಬಯಿಯಲ್ಲಿ ಕೆಲಸ, ಊರಿಗೆ ರಜೆಯಲ್ಲಿ ಬಂದಿದ್ದ. "ಮಾವ ಕಳುಹಿಸಿದ್ದಾರೆ ಮೇಡಂ, ಫೈಲ್ ಕೊಡಿ" ಎಂದ. ಮಾವನ ಚೀಟಿ ಇಲ್ಲ, ಫೋನ್ ಮಾಡಿದರೆ ಮಾವ ತೆಗೆಯುವುದಿಲ್ಲ. ಜಾಗದ ವ್ಯಾಜ್ಯದಲ್ಲಿ ಅಕ್ಕನ ಮಗ ಯಾರ ಕಡೆ ಎಂದು ನಾನು ತೀರ್ಮಾನಿಸುವ ಹಾಗಿಲ್ಲ. ಕೊಡಲಾಗುವುದಿಲ್ಲ ಎಂದಾಗ ಅವನ ಮುಖ ಸಣ್ಣದಾಯಿತು. ಲಿಖಿತ ಒಪ್ಪಿಗೆ, ಸಹಿ, ಗುರುತಿನ ಚೀಟಿಯ ಪ್ರತಿ ಇಲ್ಲದೆ ಮನೆಯವರಿಗೂ ಕಡತ ಕೊಡಬೇಡಿ, ಎಷ್ಟೇ ಬೇಸರವಾದರೂ.

ಎರಡನೆಯವರು ಹೊಸ ವಕೀಲರು. ನನ್ನ ನಿರಾಕ್ಷೇಪಣೆ ಬೇಕಿತ್ತು. ಇನ್ನೊಬ್ಬರ ವಕಾಲತ್ತು ಇರುವಲ್ಲಿ ಅವರ ಒಪ್ಪಿಗೆ ಅಥವಾ ನ್ಯಾಯಾಲಯದ ಅನುಮತಿ ಇಲ್ಲದೆ ಹಾಜರಾಗಬಾರದು ಎಂದು ಪರಿಷತ್ತಿನ 39ನೇ ನಿಯಮ ಹೇಳುತ್ತದೆ. ಬರೆದುಕೊಟ್ಟೆ. ದಾವೆ ಎಲ್ಲಿಗೆ ಬಂದಿದೆ, ಯಾವ ಸಾಕ್ಷಿಗೆ ಯಾವ ದಾಖಲೆ ತೋರಿಸಬೇಕು, ಯಾವ ಮೂಲ ಪತ್ರ ಮಡಿಕೆಯಲ್ಲಿ ಹರಿಯುವ ಹಾಗಿದೆ ಎಲ್ಲವನ್ನೂ ವಿವರಿಸಿದೆ. ಎದ್ದು ನಿಂತು ಅವರು ಕೇಳಿದರು, "ನಿಜವಾಗಿ ಏನಾಯಿತು ಮೇಡಂ?" ನಾನು ನಕ್ಕು ಸುಮ್ಮನಾದೆ. ನನಗೆ ಮೊದಲು ಇದ್ದ ಹಿರಿಯರನ್ನು ನಾನು ಕೇಳಿದ್ದರೆ ಅವರೂ ಹೀಗೆಯೇ ನಗುತ್ತಿದ್ದರೋ ಏನೋ.

ಕಡತ ಒಪ್ಪಿಸಿದ್ದು ಕೃಷ್ಣಮಠದ ಪರ್ಯಾಯ ಉತ್ಸವ ಮುಗಿದ ವಾರ. ಊರೆಲ್ಲ ತೋರಣ, ರಥಬೀದಿಯ ಕಡೆ ಇನ್ನೂ ಜನ. ಕಕ್ಷಿದಾರರೇ ಹೊಸ ವಕೀಲರ ಜೊತೆ ಬಂದರು. 63 ದಾಖಲೆಗಳನ್ನು ಪಟ್ಟಿಯ ಪ್ರಕಾರ ಒಂದೊಂದಾಗಿ ಮೇಜಿನ ಮೇಲಿಟ್ಟೆವು, ಎರಡು ಗಂಟೆ ಹಿಡಿಯಿತು. ಅಜ್ಜನ ಕಾಲದ ಪತ್ರವನ್ನು ಗುಮಾಸ್ತರು ಪಾರದರ್ಶಕ ಹಾಳೆಯ ನಡುವೆ ಇಟ್ಟಿದ್ದರು. ಕಕ್ಷಿದಾರರು ಅದನ್ನು ಬೆಳಕಿಗೆ ಹಿಡಿದು ನೋಡಿದರು, ಮಡಿಕೆಗಳು ಬಿಚ್ಚಿಕೊಂಡದ್ದನ್ನು ಕಂಡರು. ಗುಮಾಸ್ತರ ಕಡೆ ತಿರುಗಿ, "ನೀವು ಮಾಡಿದ್ದೇ?" ಎಂದು ಕೇಳಿದರು. ಬಹುವಚನದಲ್ಲಿ. ಸ್ವೀಕೃತಿಯ ಎರಡೂ ಪ್ರತಿಗಳ ಪ್ರತಿ ಪುಟಕ್ಕೂ ಸಹಿ ಹಾಕಿ, ನನ್ನ ಕಡೆ ನೋಡದೆ ಹೊರಟುಹೋದರು.

ನಾಲ್ಕು ದಿನ ಬಿಟ್ಟು ವಾಯಿದೆ ಇತ್ತು. ಹೊಸ ವಕಾಲತ್ತು ದಾಖಲಾಯಿತು, ನನ್ನ ಮೆಮೊ ಅಂಗೀಕಾರವಾಯಿತು. ಎರಡು ನಿಮಿಷ.

ಮುಗಿಯಿತು ಎಂದುಕೊಂಡವಳಿಗೆ ಗುಮಾಸ್ತರು ನೆನಪಿಸಿದರು: ಇದೇ ಜಾಗಕ್ಕೆ ಸಂಬಂಧಿಸಿದ ಕಂದಾಯ ಮೇಲ್ಮನವಿ ಕುಂದಾಪುರದ ಸಹಾಯಕ ಕಮಿಷನರ್ ನ್ಯಾಯಾಲಯದಲ್ಲಿ ಇದೆ, ಅಲ್ಲೂ ನನ್ನದೇ ವಕಾಲತ್ತು. ಒಂದು ಕಡೆ ನಿವೃತ್ತಳಾದರೆ ಇನ್ನೊಂದು ಕಡೆ ತಾನಾಗಿ ಆಗುವುದಿಲ್ಲ. ನೋಟಿಸಿನಲ್ಲಿ ಎರಡೂ ಪ್ರಕರಣಗಳನ್ನು ಸೇರಿಸಿದ್ದರಿಂದ ಮತ್ತೆ ಹೊಸದಾಗಿ ನೋಟಿಸು ಕೊಡಬೇಕಾಗಲಿಲ್ಲ. ಹೊಸ ವಕೀಲರು ಅಲ್ಲಿಗೂ ವಕಾಲತ್ತು ಸಲ್ಲಿಸಿದರು, ನಾನು ಒಂದು ಬೆಳಗ್ಗೆ ಕುಂದಾಪುರಕ್ಕೆ ಹೋಗಿ ಮೆಮೊ ಕೊಟ್ಟು ಬಂದೆ. ಬರುವಾಗ ಬಸ್ಸಿನಲ್ಲಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದೆ. ಎಚ್ಚರವಾದಾಗ ಬ್ರಹ್ಮಾವರ ದಾಟಿತ್ತು.

ಮೊನ್ನೆ ಮೊಬೈಲಿಗೆ ಒಂದು ಸಂದೇಶ ಬಂತು, ಇ-ಕೋರ್ಟ್ಸ್‌ನಿಂದ. ಅದೇ ದಾವೆ, ಪಾಟಿ ಸವಾಲಿಗೆ ನಿಗದಿಯಾದ ದಿನಾಂಕ. ದಾಖಲೆಯಲ್ಲಿ ಇನ್ನೂ ನನ್ನ ಸಂಖ್ಯೆಯೇ ಇತ್ತು. ಸಂದೇಶವನ್ನು ಹೊಸ ವಕೀಲರಿಗೆ ಕಳುಹಿಸಿ, ನ್ಯಾಯಾಲಯದ ಕಚೇರಿಗೆ ಹೋಗಿ ಸಂಖ್ಯೆ ಬದಲಿಸಲು ಬರೆದುಕೊಟ್ಟೆ. ಬೆಂಚ್ ಕ್ಲರ್ಕ್ ಅಲ್ಲೇ ಬದಲಿಸಿದರು. ಆ ದಾವೆಯ ಅದರ ಮುಂದಿನ ವಾಯಿದೆ ಯಾವಾಗ ಎಂದು ನನಗೆ ಈಗ ಗೊತ್ತಿಲ್ಲ.